ಅವನೇ ಇವನು

ಜೀರ್ಣೋದ್ಧಾರವೆಂಬ ಪುಣ್ಯಕಾರ್ಯವು ಆರಂಭವಾದ ಊರಿನಲ್ಲಿ ಹಿರಿಯರ ಬಾಯಿಂದ ಒಂದು ಪ್ರಶ್ನೆ ಹೊರಡುವುದುಂಟು. ಅಜ್ಜನ ಕಾಲದಲ್ಲಿ ದೇವಸ್ಥಾನಕ್ಕೆ ಮುಳಿಹುಲ್ಲಿನ ಮಾಡು ಇದ್ದಿತು. ತಂದೆಯ ಕಾಲಕ್ಕೆ ಹಂಚು ಬಂದಿತು. ಈಗ ಗರ್ಭಗುಡಿಗೆ ತಾಮ್ರದ ಹೊದಿಕೆಯಾಗುತ್ತಿದೆ. ಗೆದ್ದಲು ತಿಂದ ಪಕ್ಕಾಸುಗಳು ಕೆಳಗಿಳಿದುವು. ಸವೆದ ಮುರಕಲ್ಲಿನ ಗೋಡೆ ಕಳಚಿ, ಅದರ ಎಡೆಯಲ್ಲಿ ಕೆತ್ತಿದ ಶಿಲೆ ಬಂದು ಕುಳಿತಿತು. ಮುಗುಳಿಯೂ ಹೊಸತು, ಸುತ್ತುಪೌಳಿಯೂ ಹೊಸತು. ಹೀಗೆ ಎಲ್ಲವೂ ಒಂದೊಂದಾಗಿ ಹೊಸತಾದ ಮೇಲೆ ಇದು ಹಿರಿಯರು ಕೈಮುಗಿದ ಅದೇ ದೇವಸ್ಥಾನವೇ, ಅಥವಾ ಅದರ ಹೆಸರನ್ನು ಹೊತ್ತ ಬೇರೊಂದೇ?

ಪ್ರಶ್ನೆ ಕೇಳಿದವರಿಗೆ ಉತ್ತರವು ಗೊತ್ತಿಲ್ಲದೆ ಇಲ್ಲ. ಅದೇ ದೇವಸ್ಥಾನವೆಂಬ ನಂಬಿಕೆಯಿಂದಲೇ ಅವರು ಹೊರೆಕಾಣಿಕೆ ಹೊತ್ತು ತರುತ್ತಾರೆ. ಆದರೆ ಇದೇ ಪ್ರಶ್ನೆಯನ್ನು ಮನುಷ್ಯನು ತನ್ನ ವಿಷಯದಲ್ಲಿ ಕೇಳಿಕೊಂಡರೆ ಉತ್ತರವು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಐವತ್ತು ವರ್ಷಗಳ ಹಿಂದೆ ದೇವರ ಕೆರೆಯಲ್ಲಿ ಈಜಿದ ಹುಡುಗನೂ ಇಂದು ಊರುಗೋಲು ಹಿಡಿದು ಅದೇ ಕೆರೆಯ ಮೆಟ್ಟಿಲಿನ ಮೇಲೆ ಕುಳಿತ ವೃದ್ಧನೂ ಒಬ್ಬನೇ ಎಂದು ಯಾವ ಆಧಾರದಿಂದ ಹೇಳಬೇಕು?

ಶರೀರದ ಆಧಾರದಿಂದ ಹೇಳುವುದು ಕಷ್ಟ. ರಕ್ತದಲ್ಲಿರುವ ಕೆಂಪುಕಣವೊಂದರ ಆಯುಷ್ಯವು ಸುಮಾರು 120 ದಿನಗಳೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಚರ್ಮದ ಮೇಲ್ಪದರವು ಕೆಲವೇ ವಾರಗಳಲ್ಲಿ ಉದುರಿ ಹೊಸತಾಗುತ್ತದೆ. ಮೆದುಳಿನ ಬಹುಪಾಲು ಜೀವಕೋಶಗಳು ಮನುಷ್ಯನ ಆಯುಷ್ಯದುದ್ದಕ್ಕೂ ಉಳಿಯುವುದು ನಿಜ. ಆದರೂ ಅವುಗಳ ನಡುವಣ ಹೆಣಿಗೆಯು ಕಲಿತಂತೆ, ಮರೆತಂತೆ ಮಾರ್ಪಡುತ್ತಲೇ ಇರುತ್ತದೆ. ಕೌಮಾರ, ಯೌವನ, ಮುಪ್ಪುಗಳು ಒಂದೇ ದೇಹಕ್ಕೆ ಬಂದುಹೋಗುವುದನ್ನು ಧೀರನಾದವನು ಕಂಡು ಭ್ರಮೆಗೊಳ್ಳುವುದಿಲ್ಲವೆಂದು ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ ಉಪದೇಶಿಸಿದುದು ಈ ಮಾರ್ಪಾಟನ್ನು ಕಂಡೇ.

ಹೆಸರಿನ ಆಧಾರವೂ ದುರ್ಬಲವಾದುದು. ತೊಟ್ಟಿಲಿನಲ್ಲಿ ಇಟ್ಟ ಹೆಸರು ಒಂದು, ಶಾಲೆಯ ಪುಸ್ತಕದಲ್ಲಿ ಬರೆದುದು ಮತ್ತೊಂದು, ಊರವರು ಕರೆಯುವುದು ಮನೆಯ ಹೆಸರಿನಿಂದ. ಮದುವೆಯಾದ ಹೆಣ್ಣು ಕೆಲವು ಕುಲಗಳಲ್ಲಿ ತಂದೆಯ ಗೋತ್ರವನ್ನು ಬಿಟ್ಟು ಗಂಡನ ಗೋತ್ರವನ್ನು ಸೇರುತ್ತಾಳೆ. ಅಳಿಯಸಂತಾನದ ಮನೆಗಳಲ್ಲಾದರೋ ಮದುವೆಯಾದ ಮೇಲೂ ಅವಳ ಬಳಿಯು ಬದಲಾಗದೆ ಅವಳಿಂದಲೇ ಮಕ್ಕಳಿಗೆ ಬರುತ್ತದೆ. ಒಂದೇ ಊರಿನ ಎರಡು ಮನೆಗಳಲ್ಲಿ ಎರಡು ಬಗೆಯ ನಿಯಮವಿರುವಾಗ ಅವಳು ಯಾರೆಂಬುದನ್ನು ಅವುಗಳೊಂದೇ ನಿರ್ಣಯಿಸಲಾರವು.

ನಾಡಿನ ಆಧಾರವನ್ನು ಹಿಡಿಯೋಣವೆಂದರೆ, ಅದು ಕದಲುವ ಬಗೆಯನ್ನು ಕಾಸರಗೋಡಿನ ಸೀಮೆಯವರಷ್ಟು ಚೆನ್ನಾಗಿ ಅರಿತವರು ವಿರಳ. 1956ರ ನವೆಂಬರ್ 1ರಂದು ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳ ರಾಜ್ಯಕ್ಕೆ ಸೇರಿತು. ಹಿಂದಿನ ರಾತ್ರಿ ಮದರಾಸು ರಾಜ್ಯದಲ್ಲಿ ನಿದ್ದೆಹೋದ ಗೃಹಸ್ಥನು ಮರುದಿನ ಬೆಳಗ್ಗೆ ಅದೇ ಚಾಪೆಯ ಮೇಲೆ ಕೇರಳದಲ್ಲಿ ಎಚ್ಚತ್ತನು. 1984ರ ಮೇ ತಿಂಗಳಲ್ಲಿ ಕಾಸರಗೋಡು ತಾನೇ ಒಂದು ಜಿಲ್ಲೆಯಾಯಿತು. ಹೊಸ್ತಿಲು ಕದಲಲಿಲ್ಲ, ತೋಟದ ಅಡಕೆಯ ಮರ ಕದಲಲಿಲ್ಲ. ಕಾಗದದ ಮೇಲಿನ ವಿಳಾಸವು ಮಾತ್ರ ಮತ್ತೆ ಮತ್ತೆ ಬದಲಾಯಿತು. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆಂಬ ಗೌರವವನ್ನು ಪಡೆದ ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದಲ್ಲಿದ್ದಿತು. ಅವರು ಕನ್ನಡದ ಕವಿಯೆಂಬುದರಲ್ಲಿ ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಹಾಗೆಂದು ಗಡಿಯ ಬದಲಾವಣೆಯು ಏನೂ ಅಲ್ಲವೆಂದಲ್ಲ. ಅದರ ನೋವನ್ನು ಉಂಡ ಮನೆಗಳು ಈ ಸೀಮೆಯಲ್ಲಿ ಬಹಳ ಇವೆ. ನೋವು ಉಂಡವನು ಮೊದಲಿನವನೇ ಎಂಬುದರಿಂದಲೇ ಅದು ನೋವಾಯಿತು.

ಇನ್ನು ಭಾಷೆ. ಸಪ್ತಭಾಷೆಗಳ ಸಂಗಮವೆನಿಸಿದ ಈ ನೆಲದಲ್ಲಿ ಒಬ್ಬನೇ ಮನುಷ್ಯನು ತಾಯಿಯೊಡನೆ ತುಳುವಿನಲ್ಲಿ ‘ಯಾನ್’ ಎನ್ನುತ್ತಾನೆ. ಶಾಲೆಯಲ್ಲಿಯೂ ದೇವಸ್ಥಾನದ ಸಭೆಯಲ್ಲಿಯೂ ‘ನಾನು’ ಎನ್ನುತ್ತಾನೆ. ಪಂಚಾಯತಿನ ಕಚೇರಿಯಲ್ಲಿ ‘ಞಾನ್’ ಎನ್ನುತ್ತಾನೆ. ಒಂದೊಂದು ಮಾತಿನಲ್ಲಿಯೂ ಅವನ ನಡೆಯು ಕೊಂಚ ಬೇರೆ. ಒಂದರಲ್ಲಿ ಸಲಿಗೆ, ಒಂದರಲ್ಲಿ ಗಾಂಭೀರ್ಯ, ಮತ್ತೊಂದರಲ್ಲಿ ಎಚ್ಚರ. ಆದರೆ ಮಲಯಾಳದಲ್ಲಿ ಕೊಟ್ಟ ಮಾತನ್ನು ಕನ್ನಡದಲ್ಲಿ ಇಲ್ಲವೆನ್ನಲು ಅವನಿಗೆ ಅಧಿಕಾರವಿಲ್ಲ. ತುಳುವಿನಲ್ಲಿ ಪಡೆದ ಸಾಲವನ್ನು ಯಾವ ಭಾಷೆಯಲ್ಲಾದರೂ ತೀರಿಸಲೇಬೇಕು. ದೇಹ, ಹೆಸರು, ನಾಡು, ನುಡಿ ಇವುಗಳಲ್ಲಿ ದೊರೆಯದ ಆಧಾರವು ಇಲ್ಲಿ ಮೊದಲ ಬಾರಿಗೆ ಕಾಲಿಗೆ ತಗಲುತ್ತದೆ.

ಭಾರತೀಯ ದಾರ್ಶನಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡು ಚರ್ಚಿಸಿದರು. ಮಿಲಿಂದನೆಂಬ ಯವನರಾಜನಿಗೂ ನಾಗಸೇನನೆಂಬ ಭಿಕ್ಷುವಿಗೂ ನಡೆದ ಸಂವಾದವನ್ನು ಬೌದ್ಧರು ಗ್ರಂಥರೂಪದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಹುಟ್ಟಿದವನೇ ಕೊನೆಯವರೆಗೂ ಇರುತ್ತಾನೆಯೆ, ಅಥವಾ ಬೇರೆಯವನಾಗುತ್ತಾನೆಯೆ ಎಂದು ರಾಜನು ಕೇಳಿದನು. ಭಿಕ್ಷುವು ರಾತ್ರಿಯಿಡೀ ಉರಿಯುವ ದೀಪವನ್ನು ಉದಾಹರಿಸಿದನು. ಮೊದಲ ಜಾವದ ಕುಡಿಯೇ ಕೊನೆಯ ಜಾವದ ಕುಡಿಯೆಂದು ಹೇಳುವಂತಿಲ್ಲ. ಬೇರೆ ದೀಪವೆಂದೂ ಹೇಳುವಂತಿಲ್ಲ. ದೇವಸ್ಥಾನದ ನಂದಾದೀಪವನ್ನು ನಿತ್ಯವೂ ಕಾಣುವ ಭಕ್ತರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಎಣ್ಣೆ ಇಂದಿನದು, ಬತ್ತಿ ಇಂದಿನದು. ಬೆಳಕು ಮಾತ್ರ ಮೊದಲಿನಿಂದ ಬಂದುದು.

ನಾಗಸೇನನು ಬೇರೆಡೆ ಮಾವಿನಹಣ್ಣಿನ ಕಳ್ಳನ ದೃಷ್ಟಾಂತವನ್ನೂ ಕೊಡುತ್ತಾನೆ. ಪರರ ತೋಟದಿಂದ ಹಣ್ಣು ಕದ್ದವನು ಹಿಡಿಯಲ್ಪಟ್ಟಾಗ, ಒಡೆಯನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ, ಆದುದರಿಂದ ತಾನು ತಪ್ಪಿತಸ್ಥನಲ್ಲವೆಂದು ವಾದಿಸುತ್ತಾನೆ. ಅವನು ದಂಡನಾರ್ಹನೇ ಅಲ್ಲವೇ ಎಂದು ಭಿಕ್ಷುವು ಕೇಳಿದಾಗ ಅರಸನು ಹೌದೆಂದು ಒಪ್ಪಿದನು. ನೆಟ್ಟ ಮಾವಿನಿಂದಲೇ ಈ ಹಣ್ಣು ಬಂದುದಷ್ಟೆ. ನಿತ್ಯವಾದ ಆತ್ಮವನ್ನು ಒಪ್ಪದ ಬೌದ್ಧರೂ ಮಾಡಿದ ಕರ್ಮದ ಹೊಣೆಯನ್ನು ಕೈಬಿಡಲಿಲ್ಲವೆಂಬುದು ಗಮನಾರ್ಹವಾದ ವಿಷಯ.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಕ್ಷಣಿಕವಾದವನ್ನು ಖಂಡಿಸುವಾಗ ಸ್ಮರಣೆಯನ್ನೇ ಮುಂದಿಟ್ಟರು. ನಿನ್ನೆ ಕಂಡವನೂ ಇಂದು ಅದನ್ನು ನೆನೆಯುವವನೂ ಒಬ್ಬನೇ ಅಲ್ಲದಿದ್ದರೆ ನೆನಪೆಂಬುದೇ ಉಂಟಾಗದು. ಒಬ್ಬನು ಕಂಡುದನ್ನು ಮತ್ತೊಬ್ಬನು ನೆನೆಯಲಾರನು. ‘ಅವನೇ ಇವನು’ ಎಂಬ ಗುರುತು ಇದರಿಂದಲೇ ಸಾಧ್ಯ. ಸಿದ್ಧಾಂತದಲ್ಲಿ ಇವರಿಬ್ಬರ ನಡುವೆ ಬಹುದೂರದ ಅಂತರವಿದೆ. ಆದರೆ ಲೋಕವ್ಯವಹಾರದಲ್ಲಿ ಇಬ್ಬರೂ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ. ಮಾಡಿದವನೇ ಅದಕ್ಕೆ ಉತ್ತರ ಕೊಡಬೇಕು.

ನೆನಪಿಲ್ಲದ ವಿಷಯಕ್ಕೂ ಮನುಷ್ಯನು ಉತ್ತರ ಕೊಡುವುದುಂಟು. ಎರಡು ವರ್ಷದ ಕೂಸಿಗೆ ಜ್ವರ ಬಿಡದೆ ಬಂದಾಗ ತಾಯಿಯು ಮಧೂರಿನ ಮಹಾಗಣಪತಿಗೆ ಅಪ್ಪದ ಸೇವೆಯನ್ನು ಹರಸಿಕೊಳ್ಳುತ್ತಾಳೆ. ಕಾರಣಾಂತರದಿಂದ ಹರಕೆ ಹಾಗೆಯೇ ಉಳಿಯುತ್ತದೆ, ತಾಯಿಯೂ ತೀರಿಹೋಗುತ್ತಾಳೆ. ನಲುವತ್ತು ವರ್ಷಗಳ ಮೇಲೆ ಹಳೆಯ ಮಾತೊಂದರಿಂದ ವಿಷಯವು ತಿಳಿದಾಗ ಮಗನು ಊರಿಗೆ ಬಂದು ಅದನ್ನು ಸಲ್ಲಿಸುತ್ತಾನೆ. ಆ ಜ್ವರ ಅವನಿಗೆ ನೆನಪಿಲ್ಲ. ಆ ಕೂಸಿನ ಮುಖವೂ ಅವನಿಗೆ ತಿಳಿಯದು. ಆದರೂ ‘ಆ ಕೂಸು ನಾನೇ’ ಎಂದು ಅವನು ಒಪ್ಪಿಕೊಂಡನು. ಹರಕೆ ತೀರಿತು; ಅದರೊಡನೆ ನಲುವತ್ತು ವರ್ಷಗಳ ಎರಡು ತುದಿಗಳು ಒಂದಕ್ಕೊಂದು ಗಂಟುಬಿದ್ದುವು. ಮನುಷ್ಯನು ತಾನು ಯಾರೆಂಬುದನ್ನು ಕಂಡುಕೊಳ್ಳುವುದು ಋಣವನ್ನು ತನ್ನದೆಂದು ಹೊರುವುದರಲ್ಲಿ. ದೇಹವೂ ನೆನಪೂ ಇದಕ್ಕೆ ಸಹಾಯಕವಾದುವುಗಳೇ. ಆದರೆ ಅವು ಸಾಲದೆ ಹೋದಲ್ಲಿಯೂ ಋಣವು ಸಾಕಾಗುತ್ತದೆ.

ಇದರ ವಿರುದ್ಧವಾದ ನಡೆಯೂ ಲೋಕದಲ್ಲಿದೆ. ಬಡತನದಲ್ಲಿ ನೆರೆಮನೆಯವರ ಅಕ್ಕಿಯಿಂದ ಬದುಕಿದವನು ಸಿರಿ ಬಂದ ಮೇಲೆ, ಅದು ಹಳೆಯ ಕಾಲದ ಮಾತೆಂದು ಮುಖ ತಿರುಗಿಸುತ್ತಾನೆ. ಪ್ರಾಯದ ಮದದಲ್ಲಿ ಒಬ್ಬರ ಮನೆಯನ್ನು ಕೆಡಿಸಿದವನು, ಆಗ ತನಗೆ ಬುದ್ಧಿಯಿರಲಿಲ್ಲ, ಈಗ ತಾನು ಬೇರೆಯವನೇ ಆಗಿದ್ದೇನೆಂದು ನುಣುಚಿಕೊಳ್ಳುತ್ತಾನೆ. ಇವರ ವಾದಕ್ಕೂ ಮಾವಿನಹಣ್ಣಿನ ಕಳ್ಳನ ವಾದಕ್ಕೂ ವ್ಯತ್ಯಾಸವಿಲ್ಲ.

ಹಾಗಾದರೆ ಮನುಷ್ಯನಿಗೆ ಬದಲಾಗುವ ಹಕ್ಕೇ ಇಲ್ಲವೇ? ಒಮ್ಮೆ ಕಳ್ಳನಾದವನು ಎಂದಿಗೂ ಕಳ್ಳನೇ ಎಂಬ ಊರಿನ ತೀರ್ಪು ಸರಿಯೇ? ವಾಲ್ಮೀಕಿಯ ಕಥೆಯು ಈ ಶಂಕೆಯನ್ನು ಪರಿಹರಿಸುತ್ತದೆ. ದಾರಿಗರನ್ನು ಸುಲಿಯುತ್ತಿದ್ದ ಬೇಡನಿಗೆ ನಾರದರು, ಈ ಪಾಪದಲ್ಲಿ ಹೆಂಡತಿ ಮಕ್ಕಳು ಪಾಲುಗಾರರಾಗುವರೇ ಎಂದು ಕೇಳಿಬರಹೇಳಿದರೆಂದು ಪ್ರತೀತಿ. ಅನ್ನದಲ್ಲಿ ಪಾಲುಂಟು, ಪಾಪದಲ್ಲಿ ಇಲ್ಲವೆಂದು ಮನೆಯವರು ಹೇಳಿದರು. ಪಾಪವು ಪೂರ್ಣವಾಗಿ ತನ್ನದೆಂದು ತಿಳಿದ ಕ್ಷಣದಿಂದಲೇ ಅವನ ಮಾರ್ಪಾಟು ಮೊದಲಾಯಿತು. ಹಳೆಯದನ್ನು ಅಲ್ಲಗಳೆದುದರಿಂದ ಅವನು ಋಷಿಯಾಗಲಿಲ್ಲ. ತನ್ನದೆಂದು ಒಪ್ಪಿದುದರಿಂದ ಆದನು. ಹುತ್ತದಿಂದ ಹೊರಬಂದವನಿಗೆ ಲೋಕವು ಹೊಸ ಹೆಸರನ್ನಿತ್ತಿತು. ಬೇಡನಾಗಿದ್ದ ಕಥೆಯನ್ನಾದರೋ ಮರೆಯಲಿಲ್ಲ. ಆದುದರಿಂದ ಬದಲಾಗುವವನ ಧರ್ಮವು ಹಿಂದಿನ ಹೊಣೆಯನ್ನು ಹೊರುವುದು. ಬದಲಾದವನನ್ನು ನೋಡುವವರ ಧರ್ಮವು ಅವನಿಗೆ ಹೊಸ ಹೆಸರನ್ನು ಕೊಡಲು ಹಿಂಜರಿಯದಿರುವುದು. ಎರಡರಲ್ಲಿ ಒಂದು ತಪ್ಪಿದರೂ ಅನ್ಯಾಯವಾಗುತ್ತದೆ.

ನಳನ ಕಥೆಯಲ್ಲಿ ಇದರ ಮತ್ತೊಂದು ಮುಖವಿದೆ. ರಾಜ್ಯವನ್ನು ಜೂಜಿನಲ್ಲಿ ಸೋತು, ಕಾಡಿನಲ್ಲಿ ಮಲಗಿದ್ದ ದಮಯಂತಿಯನ್ನು ಬಿಟ್ಟುಹೋದ ನಳನು ಕಾರ್ಕೋಟಕನ ಕಡಿತದಿಂದ ವಿಕಾರರೂಪವನ್ನು ತಾಳಿ, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾದನು. ರೂಪವೂ ಹೆಸರೂ ಪದವಿಯೂ ಹೋದುವು. ಆದರೂ ದಮಯಂತಿಯು ಅವನ ಅಡುಗೆಯ ರುಚಿಯಿಂದ, ಮಕ್ಕಳನ್ನು ಕಂಡು ಅವನು ಅತ್ತ ಬಗೆಯಿಂದ ಅವನನ್ನು ಕಂಡುಹಿಡಿದಳು. ತಾನು ಮಾಡಿದುದಕ್ಕೆ ಕಲಿಯ ಆವೇಶವೇ ಕಾರಣವೆಂದು ನಳನು ಹೇಳಿಕೊಂಡನು ನಿಜ. ಆದರೆ ಬಿಟ್ಟುಹೋದವನು ನಳ, ತಾನು ಬಾಹುಕನೆಂದು ಹೇಳಿ ತಪ್ಪಿಸಿಕೊಳ್ಳಲಿಲ್ಲ. ಅವನು ತನ್ನ ಗುರುತನ್ನು ತಾನೇ ಮರೆಸಿಕೊಂಡಿದ್ದಾಗಲೂ ಅದನ್ನು ಅವಳು ತನ್ನ ಮನಸ್ಸಿನಲ್ಲಿ ಕಾಪಾಡಿಕೊಂಡಿದ್ದಳು. ಮನುಷ್ಯನ ಗುರುತು ಅವನೊಬ್ಬನ ಒಳಗೆ ಮಾತ್ರ ಇರುವ ಸೊತ್ತಲ್ಲ. ಅವನನ್ನು ಬಲ್ಲವರಲ್ಲಿ ಅದು ಇಡುಗಂಟಾಗಿ ಉಳಿದಿರುತ್ತದೆ.

ಬಾಳೆಲ್ಲವೂ ಒಂದು ವೇಷ ಮಾತ್ರವಲ್ಲವೇ, ಇಷ್ಟು ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಪಾರ್ತಿಸುಬ್ಬನು ಹುಟ್ಟಿದ ಕುಂಬಳೆಯ ಸೀಮೆಯಲ್ಲಿ ಈ ಪ್ರಶ್ನೆಯು ಸಹಜವೇ. ಯಕ್ಷಗಾನದ ಮೇಳಕ್ಕೆ ಸೇರಿದ ಹುಡುಗನು ಮೊದಲು ಕೋಡಂಗಿಯಾಗಿ ಕುಣಿಯುತ್ತಾನೆ, ಬಾಲಗೋಪಾಲನಾಗುತ್ತಾನೆ, ಸ್ತ್ರೀವೇಷ, ಪುಂಡುವೇಷಗಳನ್ನು ದಾಟಿ ಕೊನೆಗೆ ಕಿರೀಟವೇಷಕ್ಕೆ ಬರುತ್ತಾನೆ. ಮಗುತನ, ಪ್ರಾಯ, ಗಾರ್ಹಸ್ಥ್ಯಗಳೂ ಹೀಗೆಯೇ ಒಂದರ ಮೇಲೊಂದು ಬರುತ್ತವೆ. ಆದರೆ ಈ ಹೋಲಿಕೆಯು ಒಂದು ಎಡೆಯಲ್ಲಿ ನಿಲ್ಲುತ್ತದೆ. ರಂಗಸ್ಥಳದಲ್ಲಿ ಕಂಸನಾದವನ ಪಾಪವು ಮಂಗಳದ ಪದ್ಯದೊಡನೆ ಮುಗಿಯುತ್ತದೆ. ಚೌಕಿಯಲ್ಲಿ ಬಣ್ಣ ಒರಸಿದರೆ ಆಯಿತು. ಮನೆಯಲ್ಲಿ ತಂದೆಯಾದವನಿಗೆ ಬೆಳಗಾಗುತ್ತಲೇ ಒರಸಿಕೊಳ್ಳುವ ಬಣ್ಣವಿಲ್ಲ. ವೇಷವು ಬದಲಾಗಬಹುದು, ಆ ವೇಷದಲ್ಲಿ ಆಡಿದ ಮಾತು ಬದಲಾಗಬಾರದು.

ಈ ವಿಚಾರವು ಅತ್ಯಂತ ಕಠಿನವಾದ ಪರೀಕ್ಷೆಗೆ ಒಳಗಾಗುವುದು ಮರೆವಿನ ರೋಗವು ಹೊಕ್ಕ ಮನೆಯಲ್ಲಿ. ಅಂಥ ಮನೆಯೊಂದನ್ನು ಭಾವಿಸಿಕೊಳ್ಳಬಹುದು. ಅಡಕೆಯ ತೋಟವನ್ನು ಬೆಳೆಸಿ, ಮಕ್ಕಳನ್ನು ಓದಿಸಿ, ದೇವಸ್ಥಾನದ ಜಾತ್ರೆಗೆ ವರ್ಷಂಪ್ರತಿ ಮುಂದೆ ನಿಂತು ದುಡಿದ ಯಜಮಾನನು ಈಗ ಜಗಲಿಯಲ್ಲಿ ಕುಳಿತಿದ್ದಾನೆ. ತೋಟದ ಹೆಸರು ಮರೆತಿದೆ, ಹೆಂಡತಿ ತೀರಿಕೊಂಡುದು ಮರೆತಿದೆ. ದೂರದ ಪಟ್ಟಣದಿಂದ ಬಂದ ಮಗನನ್ನು ಕಂಡು, ‘ತಾವು ಎಲ್ಲಿಂದ ಬಂದದ್ದು? ಬಾಯಾರಿಕೆ ಆಯಿತೋ?’ ಎಂದು ಅತಿಥಿಯನ್ನು ಕೇಳುವಂತೆ ಕೇಳುತ್ತಾನೆ. ಮಗನ ಎದೆ ಒಡೆಯುವುದು ಸಹಜ. ತನ್ನನ್ನು ಅರಿಯದ ಇವರು ತನ್ನ ತಂದೆಯೇ ಎಂಬ ಶಂಕೆಯೂ ಒಂದು ಕ್ಷಣ ಅವನ ಮನಸ್ಸಿನಲ್ಲಿ ಸುಳಿಯಬಹುದು. ನೆನಪೇ ಮನುಷ್ಯನೆಂದು ಹೇಳುವವರ ಲೆಕ್ಕದಲ್ಲಿ ಆ ತಂದೆಯು ಆಗಲೇ ಹೊರಟುಹೋಗಿದ್ದಾನೆ. ಜಗಲಿಯಲ್ಲಿ ಉಳಿದುದು ಹಳೆಯ ಮಾಡು ಮತ್ತು ಗೋಡೆ.

ಇಲ್ಲಿ ಜೀರ್ಣೋದ್ಧಾರದ ವಿಧಿಯು ಮನುಷ್ಯನಿಗೆ ಒಂದು ಪಾಠವನ್ನು ಹೇಳುತ್ತದೆ. ಗರ್ಭಗುಡಿಯನ್ನು ಕಳಚುವ ಮೊದಲು ತಂತ್ರಿಗಳು ಅನುಜ್ಞಾಕಲಶವನ್ನು ಮಾಡಿ ದೇವರ ಅಪ್ಪಣೆಯನ್ನು ಬೇಡುತ್ತಾರೆ. ಬಿಂಬದಲ್ಲಿರುವ ಚೈತನ್ಯವನ್ನು ಕಲಶಕ್ಕೆ ಸಂಕೋಚಿಸಿ, ಪಕ್ಕದಲ್ಲಿ ಕಟ್ಟಿದ ಬಾಲಾಲಯದಲ್ಲಿ ನೆಲೆಗೊಳಿಸುತ್ತಾರೆ. ಬಾಲಾಲಯವೆಂದರೆ ಒಂದು ಪುಟ್ಟ ಗುಡಿ. ಅಲ್ಲಿ ಮುಗುಳಿಯ ಶೋಭೆಯಿಲ್ಲ, ಶಿಲ್ಪದ ವೈಭವವಿಲ್ಲ. ಆದರೆ ಗುಡಿ ಚಿಕ್ಕದೆಂದು ನೈವೇದ್ಯವು ನಿಲ್ಲುವುದಿಲ್ಲ, ಮಂಗಳಾರತಿ ತಪ್ಪುವುದಿಲ್ಲ, ದೇವರನ್ನು ಕರೆಯುವ ಹೆಸರು ಬದಲಾಗುವುದಿಲ್ಲ. ಈಚೆ ಗರ್ಭಗುಡಿಯ ಒಂದು ಗೋಡೆಯೂ ನಿಂತಿಲ್ಲದ ದಿನಗಳಲ್ಲಿ ದೇವಸ್ಥಾನವು ಎಲ್ಲಿದೆ ಎಂದು ಕೇಳಿದರೆ, ತಪ್ಪದೆ ನಡೆಯುವ ಆ ಪೂಜೆಯಲ್ಲಿದೆ ಎಂದೇ ಉತ್ತರ ಹೇಳಬೇಕು.

ನೆನಪು ಕಳಚಿಬಿದ್ದ ವೃದ್ಧನಿಗೆ ಮನೆಯವರೇ ಬಾಲಾಲಯ. ಅವನು ಮರೆತ ಹೆಸರಿನಿಂದ ಅವನನ್ನು ಕರೆಯುವವರು ಅವರು. ಅವನಿಗೆ ಯಾವ ಪಲ್ಯ ಇಷ್ಟ, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ, ಎಷ್ಟು ಹೊತ್ತಿಗೆ ಸಂಧ್ಯಾದೀಪವನ್ನು ನೋಡಬೇಕು ಎಂಬುದನ್ನು ಅವನ ಬದಲಿಗೆ ನೆನಪಿಡುವವರು ಅವರು. ಮಗನು, ‘ಬಾಯಾರಿಕೆ ಆಯಿತಪ್ಪಾ’ ಎಂದು ಹೇಳಿ ಕಾಲಬುಡದಲ್ಲಿ ಕುಳಿತರೆ ಅದೇ ನಿತ್ಯಪೂಜೆ. ಎಲ್ಲವನ್ನೂ ಮರೆತರೂ ಬಂದವರಿಗೆ ಬಾಯಾರಿಕೆ ಕೇಳುವುದನ್ನು ಆ ತಂದೆ ಮರೆತಿಲ್ಲವೆಂಬುದನ್ನೂ ಮಗನು ಗಮನಿಸಬೇಕು. ಆ ಮನೆಯ ಧರ್ಮವು ಅವನ ನಾಲಗೆಯಲ್ಲಿ ಇನ್ನೂ ಉರಿಯುತ್ತಿದೆ.

ಈ ಹೋಲಿಕೆಗೂ ಒಂದು ಮಿತಿಯಿದೆಯೆಂದು ಒಪ್ಪಿಕೊಳ್ಳಬೇಕು. ಬಾಲಾಲಯದ ದೇವರು ಬ್ರಹ್ಮಕಲಶದ ದಿನ ಹೊಸ ಗರ್ಭಗುಡಿಗೆ ಮರಳುತ್ತಾನೆ. ವೃದ್ಧನ ನೆನಪು ಮರಳಲಾರದು. ಸೇವೆ ಮಾಡುವ ಸೊಸೆಗೂ ಮಗಳಿಗೂ ದಣಿವಾಗುತ್ತದೆ, ಬೇಸರವೂ ಬರುತ್ತದೆ, ಅದು ಪಾಪವಲ್ಲ. ಆ ದಣಿವನ್ನು ಹಂಚಿಕೊಳ್ಳದೆ ದೂರ ನಿಂತು ಉಪದೇಶ ಮಾಡುವ ಬಂಧುಗಳದೇ ತಪ್ಪು. ಬಾಲಾಲಯವನ್ನು ಒಬ್ಬರೇ ಕಟ್ಟುವುದಿಲ್ಲವಷ್ಟೆ. ಆದರೆ ನಿತ್ಯಪೂಜೆಯು ನಾಳೆಯ ಬ್ರಹ್ಮಕಲಶಕ್ಕಾಗಿ ಮಾತ್ರ ನಡೆಯುವುದಲ್ಲ. ಆಯಾ ದಿನದ ಪೂಜೆಯು ಆಯಾ ದಿನಕ್ಕೇ ಪೂರ್ಣವಾದುದು. ತಂದೆಗೆ ಉಣಿಸಿದ ಒಂದು ತುತ್ತೂ ಹಾಗೆಯೇ.

ಹೀಗೆ ನೋಡಿದರೆ ‘ನಾನು ಯಾರು’ ಎಂಬ ಪ್ರಶ್ನೆಗೆ ಜ್ಞಾನಿಗಳು ಧ್ಯಾನದಲ್ಲಿ ಕಾಣುವ ಉತ್ತರ ಒಂದು. ಗೃಹಸ್ಥನು ದಿನದಿನವೂ ಕೈಯಿಂದ ಬರೆಯುವ ಉತ್ತರ ಮತ್ತೊಂದು. ಕೊಟ್ಟ ಮಾತನ್ನು ಮೊದಲಿನವನಾಗಿಯೇ ನಿಂತು ಸಲ್ಲಿಸುವಾಗ, ಮಾಡಿದ ತಪ್ಪನ್ನು ತನ್ನದೆಂದು ಹೇಳುವಾಗ, ತಿದ್ದಿಕೊಂಡವನಿಗೆ ಹೊಸ ಹೆಸರನ್ನು ಕೊಡುವಾಗ, ಮರೆತವನ ಹೆಸರನ್ನು ತಾನು ಮರೆಯದಿರುವಾಗ ಮನುಷ್ಯನು ಆ ಉತ್ತರವನ್ನು ಬರೆಯುತ್ತಾನೆ.

ಬ್ರಹ್ಮಕಲಶೋತ್ಸವದ ದಿನ ಬೆಂಗಳೂರು, ಮುಂಬಯಿ, ಕೊಲ್ಲಿಯ ನಾಡುಗಳಿಗೆ ಹೋದವರೆಲ್ಲರೂ ಊರಿಗೆ ಮರಳುತ್ತಾರೆ. ಕೂದಲು ನರೆತಿರುತ್ತದೆ, ಮಾತಿನ ರಾಗ ಬದಲಾಗಿರುತ್ತದೆ, ಮಕ್ಕಳ ನಾಲಗೆಗೆ ಕನ್ನಡ ತೊಡಕುತ್ತದೆ. ದೇವಸ್ಥಾನವೂ ಅವರು ಬಿಟ್ಟುಹೋದಂತೆ ಇರುವುದಿಲ್ಲ. ಎರಡು ಕಡೆಯೂ ಹೊಸತಾದ ಆ ಗಳಿಗೆಯಲ್ಲಿ ಹಳೆಯ ನೆರೆಯವನೊಬ್ಬನು ಮುಂದೆ ಬಂದು, ಮುಖವನ್ನು ದಿಟ್ಟಿಸಿ ನೋಡಿ, ‘ಅವನೇ ಇವನು’ ಎಂದು ಕೈಹಿಡಿಯುತ್ತಾನೆ. ಕೈಹಿಡಿದವನ ಕಡೆಗೆ ಸಲ್ಲಬೇಕಾದ ಹಳೆಯ ಋಣವೇನಾದರೂ ಉಳಿದಿದ್ದರೆ ಅದನ್ನು ನೆನೆದು ತೀರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಪುನಃಪ್ರತಿಷ್ಠೆಗೊಂಡ ಶ್ರೀದೇವರು ಸಮಸ್ತ ಭಕ್ತಜನರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಬಲವನ್ನೂ, ಮಾರ್ಪಟ್ಟವರನ್ನು ಗುರುತಿಸುವ ಕಣ್ಣನ್ನೂ, ಮರೆತವರನ್ನು ಮರೆಯದಿರುವ ಮನಸ್ಸನ್ನೂ ಅನುಗ್ರಹಿಸಲಿ.